ಮೂರು ಸಲ ತೀರಿಕೊಂಡ ಅಪ್ಪ

ಈಗ ನಾನು ನವಿ ಮುಂಬೈಯ ಸಣ್ಣಪುಟ್ಟ ಕಾರ್ಖಾನೆಗಳ ಮಾಲೀಕರಿಗೆ, ನೌಕರರನ್ನು ಹೇಗೆ ನಡೆಸಿಕೊಳ್ಳಬೇಕು ಎಂದು ಸಲಹೆ ಕೊಡುವ ಕೆಲಸ ಮಾಡುತ್ತೇನೆ. ತುರ್ಭೆ, ಮಹಾಪೆ, ರಬಾಳೆ ಎಂದು ತಿರುಗುತ್ತೇನೆ. ಏಸಿ ಕೋಣೆಯಲ್ಲಿ ಕೂರಿಸಿ, ಸಮೋಸ ತಿನ್ನಿಸಿ, ನನ್ನ ಕೈಲಿ ಭಾಷಣ ಮಾಡಿಸುತ್ತಾರೆ. ರಜೆಯ ನಿಯಮ ಹೇಗಿರಬೇಕು, ಚಾರ್ಜ್‌ಶೀಟ್ ಹೇಗೆ ಬರೆಯಬೇಕು, ವಿಚಾರಣೆ ಹೇಗೆ ನಡೆಸಬೇಕು, ಎಲ್ಲ ಹೇಳುತ್ತೇನೆ. ಮಾಲೀಕರು ತಲೆಯಾಡಿಸುತ್ತ ಮೇಜಿನ ಕೆಳಗೆ ಫೋನ್ ನೋಡುತ್ತಿರುತ್ತಾರೆ. ಇದೆಲ್ಲ ನಾನು ಓದಿ ಕಲಿತದ್ದು ಎಂದು ಅವರು ತಿಳಿದಿದ್ದಾರೆ. ನನ್ನ ಅರ್ಧ ವಿದ್ಯೆ, ಒಬ್ಬ ಲೋಡರನ ಅಪ್ಪನನ್ನು ಮೂರು ಸಲ ಸಾಯಿಸಿ ಸಂಪಾದಿಸಿದ್ದು. ಅದನ್ನು ಭಾಷಣದಲ್ಲಿ ಹೇಳುವುದಿಲ್ಲ. ಇಲ್ಲಿ ಹೇಳುತ್ತೇನೆ.

ಆಗ ನಾನು ಅಂಬರನಾಥದ ಒಂದು ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿದ್ದೆ. ಮನೆ ಡೊಂಬಿವಲಿಯಲ್ಲಿ. ಬೆಳಿಗ್ಗೆ ಊರಿಗೆ ಊರೇ ಮುಂಬೈ ಕಡೆಗೆ ಲೋಕಲ್ಲಿನ ಬಾಗಿಲಿಗೆ ಜೋತುಬಿದ್ದು ಹೋಗುವಾಗ, ಎದುರು ಪ್ಲಾಟ್‌ಫಾರ್ಮಿನಿಂದ ಕಿಟಕಿ ಪಕ್ಕ ಕಾಲು ಚಾಚಿ ಕೂತು ಹೋಗುವ ಪುಣ್ಯವಂತ ನಾನು. ಕೆಲಸಕ್ಕೆ ಸೇರಿದಾಗ ನನ್ನ ಕೋಣೆಯ ಬೋರ್ಡಿನ ಮೇಲೆ 'ಟೈಮ್ ಆಫೀಸ್' ಎಂದಿತ್ತು. ಕೆಲವು ವರ್ಷದ ಮೇಲೆ 'ಪರ್ಸೊನೆಲ್' ಆಯಿತು. ಆಮೇಲೆ 'ಹ್ಯೂಮನ್ ರಿಸೋರ್ಸಸ್' ಆಯಿತು. ಕಾರ್ಖಾನೆಯ ಮಾಲೀಕ ಸೇಠ್ ತನ್ನ ಅರ್ಧ ಪಾಲನ್ನು ಐರೋಳಿಯ ಒಂದು ದೊಡ್ಡ ಕಂಪನಿಗೆ ಮಾರಿದ ಮೇಲೆ 'ಪೀಪಲ್ ಅಂಡ್ ಕಲ್ಚರ್' ಎಂಬ ಹೊಸ ಬೋರ್ಡು ಬಂತು. ಒಳಗೆ ಕುರ್ಚಿ ಅದೇ, ಒಂದು ಕಾಲು ಕುಂಟುತ್ತಿದ್ದ ಮೇಜು ಅದೇ, ನಾನೂ ಅದೇ. ಕೆಲಸಗಾರರು ಮಾತ್ರ ಕೊನೆಯವರೆಗೂ 'ಟೈಮ್ ಆಫೀಸ್' ಎಂದೇ ಕರೆದರು. ಅಷ್ಟು ಬುದ್ಧಿ ಅವರಿಗಿತ್ತು.

ಐರೋಳಿಯಿಂದ ಬೋರ್ಡಿನ ಜೊತೆ ಇನ್ನೆರಡು ಬಂದವು. ಒಂದು, ನನ್ನ ಮೇಲಿನ ಅಧಿಕಾರಿಯಾಗಿ ಒಬ್ಬ ಮ್ಯಾಡಂ. ನನಗಿಂತ ಹದಿನೆಂಟು ವರ್ಷ ಚಿಕ್ಕವರು, ನನಗಿಂತ ನಾಲ್ಕು ಪಟ್ಟು ಚುರುಕು. ಇನ್ನೊಂದು, ರಜೆ ಹಾಕಲು ಒಂದು ಆ್ಯಪ್. ಅಲ್ಲಿಯವರೆಗೆ ನಮ್ಮಲ್ಲಿ ರಜೆ ಎಂದರೆ, ಕೆಲಸಗಾರ ನನ್ನ ಮುಂದೆ ನಿಂತು ತಲೆ ಕೆರೆದುಕೊಳ್ಳುವುದು, ನಾನು ಬೈಯುವುದು, ಆಮೇಲೆ ಸಹಿ ಹಾಕುವುದು. ಅಚ್ಚುಕಟ್ಟಾದ ವ್ಯವಸ್ಥೆ. ಹೊಸ ವ್ಯವಸ್ಥೆಯಲ್ಲಿ ಬೈಗುಳಕ್ಕೆ ಜಾಗವಿರಲಿಲ್ಲ.

ಆ ಆ್ಯಪಿನಲ್ಲಿ ಮನೆಯಲ್ಲಿ ಸಾವಾದರೆ ಐದು ದಿನದ ಪಗಾರ ಸಹಿತ ರಜೆ ಇತ್ತು. ಒಳ್ಳೆಯದೇ. ಆದರೆ ಯಾರು ಸತ್ತರು ಎಂದು ಒತ್ತಬೇಕಿತ್ತು. ಆಯ್ಕೆ ನಾಲ್ಕೇ: ತಂದೆ, ತಾಯಿ, ಗಂಡ ಅಥವಾ ಹೆಂಡತಿ, ಮಗು. ಐರೋಳಿಯ ಲೆಕ್ಕದಲ್ಲಿ ಮನುಷ್ಯನಿಗೆ ಇಷ್ಟೇ ಜನ ಇರುತ್ತಾರೆ. ಉಳಿದವರು ಸತ್ತರೆ ವಾಟ್ಸಾಪಿನಲ್ಲಿ ಎರಡು ಕೈ ಮುಗಿದರೆ ಸಾಕು. ಲಾರಿಗೆ ಪೆಟ್ಟಿಗೆ ತುಂಬುವ ನಮ್ಮ ಲೋಡಿಂಗ್‌ನವರಾದರೋ ಹೆಚ್ಚುಕಡಿಮೆ ಎಲ್ಲರೂ ಕಲಬುರಗಿ, ವಿಜಯಪುರ, ರಾಯಚೂರು ಕಡೆಯವರು. ಅವರಲ್ಲಿ ಒಂದು ಮನೆಯ ಹಿರಿಯ ಸತ್ತರೆ ಆ ಮನೆಯ ಗಂಡಸರೆಲ್ಲ ಹೋಗಿ ಒಂದೊಂದು ಹಿಡಿ ಮಣ್ಣು ಹಾಕಬೇಕು. ಹೋಗದಿದ್ದವನಿಗೆ ಮುಂದೆ ಊರಲ್ಲಿ ಮುಖ ತೋರಿಸುವ ಮಾತೇ ಇಲ್ಲ. 'ಮಣ್ಣಿಗಿ ಹೋಗ್ಬೇಕ್ರಿ' ಎಂದು ಅವರಲ್ಲೊಬ್ಬ ಬಂದು ನಿಂತರೆ, ಅದು ರಜೆಯ ಕೋರಿಕೆಯಲ್ಲ, ಹೊರಟಿದ್ದೇನೆ ಎಂಬ ಸುದ್ದಿ.

ಹಾಗೆ ಬಂದು ನಿಂತವನು ನಮ್ಮ ಲೋಡಿಂಗ್‌ನ ಮುಕಾದಮ. ಹನ್ನೆರಡು ಜನರ ಗುಂಪಿಗೆ ಅವನೇ ಯಜಮಾನ. ನಲವತ್ತರ ಆಸುಪಾಸು. ಅಫಜಲಪುರದ ಕಡೆಯವನು. ವಿಠ್ಠಲವಾಡಿ ಸ್ಟೇಷನ್ನಿನ ಹಿಂದೆ ಒಂದು ಚಾಳಿನಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳ ಜೊತೆ ಇದ್ದ. ಹನ್ನೆರಡು ವರ್ಷದ ನೌಕರಿ, ಅದರಲ್ಲಿ ಏಳು ವರ್ಷ ಪರ್ಮನೆಂಟ್. ಅವನ ಕಡೆಯವರಲ್ಲಿ ಪರ್ಮನೆಂಟ್ ಎನ್ನುವುದು ಎಷ್ಟು ಅಪರೂಪವೆಂದರೆ, ಊರಲ್ಲಿ ಅವನ ಮನೆಯನ್ನು ಹಾಗೆಯೇ ಗುರುತು ಹೇಳುತ್ತಿದ್ದರಂತೆ.

"ದೊಡ್ಡಪ್ಪ ಹೋಗ್ಯಾನ್ರಿ ಸಾಹೇಬ್ರ," ಅಂದ. "ಮಣ್ಣಿಗಿ ಹೋಗ್ಬೇಕು. ಅವಗ ಗಂಡುಮಕ್ಕಳಿಲ್ಲ, ಎಲ್ಲಾ ಕಾರ್ಯ ನಂದ ಅದ."

ನಾನು ಆ್ಯಪ್ ತೆರೆದೆ. ಅವನ ಉಳಿದ ರಜೆಗಳೆಲ್ಲ ಮುಗಿದಿದ್ದವು. ಹೇಳದೆ ಹೋದರೆ 'ಅನಧಿಕೃತ ಗೈರುಹಾಜರಿ', ಮೂರು ಸಲ ಹಾಗಾದರೆ ಮನೆಗೆ. ದೊಡ್ಡಪ್ಪ ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ನನಗೆ ಐರೋಳಿಯ ಮೇಲೆ ಸಿಟ್ಟು ಬಂತು. ಸಿಟ್ಟಿನಲ್ಲೇ 'ತಂದೆ' ಒತ್ತಿದೆ. ಆ್ಯಪ್ ಅವನ ಫೋನಿಗೆ ಇಂಗ್ಲಿಷಿನಲ್ಲಿ ಒಂದು ಸಂದೇಶ ಕಳಿಸಿತು, 'ಮೇಲೆ ಹೇಳಿದ್ದೆಲ್ಲ ನಿಜ' ಎಂದು ಅವನು ಒಪ್ಪಬೇಕು. ಅವನ ಕೈಯಿಂದ ಫೋನ್ ಇಸಕೊಂಡು ಅದನ್ನೂ ನಾನೇ ಒತ್ತಿದೆ.

"ಹೋಗಿ ಬಾ, ಐದು ದಿನ," ಅಂದೆ. ಆ ಹೊತ್ತು ನನ್ನ ಬಗ್ಗೆ ನನಗೆ ಬಹಳ ಅಭಿಮಾನ ಬಂದಿತ್ತು.

ಹತ್ತು ತಿಂಗಳಾದ ಮೇಲೆ ಮತ್ತೆ ಬಂದ. ಈ ಸಲ ಕಾಕಾ, ಅವನ ಅಪ್ಪನ ತಮ್ಮ, ಒಂದೇ ಮನೆಯಲ್ಲಿ ಇದ್ದವರು. ನಾನು ಮತ್ತೆ 'ತಂದೆ' ಒತ್ತಿದೆ. ಆ್ಯಪ್ ಹ್ಞೂಂ ಎಂದಿತು. ಅಪ್ಪ ಎರಡನೇ ಸಲ ಸತ್ತದ್ದಕ್ಕೆ ಅದು ಹುಬ್ಬೂ ಏರಿಸಲಿಲ್ಲ. ಇಂಥ ದಡ್ಡ ಆ್ಯಪಿಗೆ ಐರೋಳಿಯವರು ಎಷ್ಟು ಸುರಿದಿದ್ದಾರೋ ಎಂದು ನಾನು ಟೀ ಕುಡಿಯುತ್ತ ಅಕೌಂಟ್ಸ್‌ನವರ ಮುಂದೆ ನಕ್ಕೆ.

ಮುಂದಿನ ವರ್ಷ ಒಂದು ಬೆಳಿಗ್ಗೆ, ನಾನು ಇನ್ನೂ ಗಾಡಿಯಲ್ಲಿದ್ದಾಗ, ಅವನ ಫೋನ್ ಬಂತು. ಕಲ್ಯಾಣ ಸ್ಟೇಷನ್ನಿನಿಂದ ಮಾತಾಡುತ್ತಿದ್ದ. ಹಿಂದೆ ಅನೌನ್ಸ್‌ಮೆಂಟ್ ಕೇಳುತ್ತಿತ್ತು.

"ಸಾಹೇಬ್ರ, ಅಪ್ಪ ಹೋದ್ರಿ. ಊರಿಗಿ ಹೊಂಟೀನಿ."

ನನ್ನ ಬಾಯಿಂದ ಬಂದ ಮೊದಲ ಮಾತು, "ಯಾವ ಅಪ್ಪ?"

"ನಮ್ಮಪ್ಪರಿ. ಹಡದಾಂವ."

"ಆಯ್ತು, ಹೋಗು. ನಾ ಹಾಕ್ತೀನಿ," ಎಂದು ಇಟ್ಟೆ. ಆಫೀಸಿಗೆ ಹೋಗಿ ಆ್ಯಪ್ ತೆರೆದು 'ತಂದೆ' ಒತ್ತಿದೆ. ಕೆಂಪು ಅಕ್ಷರ ಬಂತು: ಈ ಸಂಬಂಧಿ ಈಗಾಗಲೇ ಮೃತರೆಂದು ದಾಖಲಾಗಿದ್ದಾರೆ. ಅಷ್ಟರಲ್ಲಿ ಯಾರೋ ಆ ದಡ್ಡನಿಗೆ ಬುದ್ಧಿ ಕಲಿಸಿದ್ದರು. ನಾನು ಆ್ಯಪಿನಿಂದ ಹೊರಗೆ ಬಂದು ಮತ್ತೆ ಒಳಗೆ ಹೋಗಿ ಇನ್ನೊಮ್ಮೆ ಒತ್ತಿದೆ. ಮತ್ತೆ ಕೆಂಪು. ಮಧ್ಯಾಹ್ನದ ಹೊತ್ತಿಗೆ ಮ್ಯಾಡಂ ಫೋನ್ ಮಾಡಿದರು.

"ಸರ್, ಈ ಮನುಷ್ಯನ ತಂದೆ ಎಷ್ಟು ಸಲ ತೀರಿಕೊಳ್ಳುತ್ತಾರೆ?" ಎಂದು ಹಿಂದಿಯಲ್ಲಿ ಕೇಳಿದರು. ವ್ಯಂಗ್ಯ ಇರಲಿಲ್ಲ. ಲೆಕ್ಕ ತಾಳೆಯಾಗದವರು ಕೇಳುವ ಹಾಗೆ ಕೇಳಿದರು.

ಆಗಲೇ ಹೇಳಬಹುದಿತ್ತು. ಮ್ಯಾಡಂ, ಒತ್ತಿದವನು ನಾನು, ನಿಮ್ಮ ಪಟ್ಟಿಯಲ್ಲಿ ದೊಡ್ಡಪ್ಪ ಇಲ್ಲ, ಕಾಕಾ ಇಲ್ಲ, ಅದಕ್ಕೆ ಹೀಗಾಯಿತು. ಒಂದು ನಿಮಿಷದ ಮಾತು. ಬೈಯುತ್ತಿದ್ದರು, ಮುಗಿಯುತ್ತಿತ್ತು. ನಾನು ಹೇಳಿದ್ದು: "ಚೆಕ್ ಮಾಡ್ತೀನಿ ಮ್ಯಾಡಂ." ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ನಾನು ಕಲಿತ ಅತ್ಯಂತ ಉಪಯೋಗಿ ವಾಕ್ಯ ಇದು. ಇದನ್ನು ಹೇಳಿದವನು ಏನನ್ನೂ ಚೆಕ್ ಮಾಡಬೇಕಾಗಿಲ್ಲ.

ಮ್ಯಾಡಂ ತಾವೇ ಚೆಕ್ ಮಾಡಿದರು. ಸುಳ್ಳು ಹೇಳಿ ಎರಡು ಸಲ ರಜೆ ಪಡೆದದ್ದು, ಮೂರನೇ ಸಲ ಪಡೆಯಲು ನೋಡಿದ್ದು, ಅನುಮತಿ ಇಲ್ಲದೆ ಗೈರಾದದ್ದು. ಚಾರ್ಜ್‌ಶೀಟ್ ತಯಾರಿಸಿ ಎಂದು ಮೇಲ್ ಬಂತು. ಆರೋಪ ಸಾಬೀತಾದರೆ ಅವನನ್ನು ಕೆಲಸದಿಂದ ತೆಗೆಯುವುದು ಎಂದು ಕೆಳಗೆ ಒಂದು ಸಾಲು. ಚಾರ್ಜ್‌ಶೀಟ್ ಬರೆಯುವುದು ನನ್ನ ಕೆಲಸ. ಬರೆದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಚೆನ್ನಾಗಿಯೇ ಬರೆದೆ. ಕಲಂ, ಉಪಕಲಂ, 'ಉದ್ದೇಶಪೂರ್ವಕವಾಗಿ', 'ಸಂಸ್ಥೆಯ ವಿಶ್ವಾಸಕ್ಕೆ ದ್ರೋಹ', ಏನೂ ಬಿಡಲಿಲ್ಲ. ವಿಚಾರಣೆ ಇದೆಯಲ್ಲ, ಅಲ್ಲಿ ಹೇಗಾದರೂ ಸರಿಮಾಡೋಣ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹನ್ನೆರಡು ದಿನ ಬಿಟ್ಟು ಅವನು ಬಂದ. ಕಾರ್ಯವೆಲ್ಲ ಮುಗಿಸಿ, ಪಂಚಾಯ್ತಿಯಿಂದ ಮರಣದ ದಾಖಲೆ ತಂದಿದ್ದ. ಯಾರೋ ತಿಳಿದವರು ಹೇಳಿ ತರಿಸಿರಬೇಕು. ಪಾಪ, ಆ ಕಾಗದವೇ ಅವನಿಗೆ ಉರುಳು. ಅಪ್ಪ ಈಗ ಸತ್ತ ಎಂದು ಅದು ಹೇಳಿದರೆ ಹಿಂದಿನ ಎರಡು ಸಾವು ಸುಳ್ಳು. ಆ ಎರಡು ನಿಜವಾದರೆ ಈ ಕಾಗದ ಸುಳ್ಳು. ಹೇಗೆ ತಿರುಗಿದರೂ ಅವನು ಸಿಕ್ಕಿಬೀಳುವ ಹಾಗೆ ನಾನು ಕಟ್ಟಿಹಾಕಿದ್ದೆ. ಅವನ ಕೈಗೆ ಲಕೋಟೆ ಕೊಟ್ಟೆ.

"ಏನ್ರಿ ಇದು?"

"ಚಾರ್ಜ್‌ಶೀಟ್."

"ಯಾರ ಬರದದ್ದು?"

"ಐರೋಳಿಯವರು."

ಅವನು ಕೊನೆಯ ಹಾಳೆ ತಿರುವಿ ನೋಡಿದ. ಇಂಗ್ಲಿಷ್ ಓದಲು ಬಾರದು. ಆದರೆ ಲಾರಿಗಳ ಗೇಟ್‌ಪಾಸಿನ ಮೇಲೆ ಹದಿನಾಲ್ಕು ವರ್ಷದಿಂದ ದಿನಾ ನನ್ನ ಸಹಿ ನೋಡಿದವನು. "ಸಹಿ ನಿಮ್ದ ಅದಲ್ರಿ," ಅಂದ. ನಾನು ಮೇಜಿನ ಮೇಲಿನ ಕಾಗದಗಳನ್ನು ಸರಿಯಾಗಿ ಜೋಡಿಸತೊಡಗಿದೆ. ಅವು ಸರಿಯಾಗಿಯೇ ಇದ್ದವು.

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ಹುಬ್ಬಳ್ಳಿಯವಳು, ನನ್ನ ಹುದ್ದೆಯ ಬಗ್ಗೆ ಅವಳಿಗೆ ಎಂದೂ ಗೌರವ ಇದ್ದಿಲ್ಲ. ಮೆಂತ್ಯಸೊಪ್ಪು ಬಿಡಿಸುತ್ತ ಎಲ್ಲ ಕೇಳಿಸಿಕೊಂಡಳು.

"ಒತ್ತಿದವ್ರು ನೀವು, ನೌಕ್ರಿ ಕಳ್ಕೊಳ್ಳಾಂವ ಅಂವ. ಭಾಳ ಚಲೋ ಅದ ನಿಮ್ಮ ಪೀಪಲ್ ಕಲ್ಚರ್," ಅಂದಳು.

"ಹೇಳಿದ್ರ ನನ್ನ ನೌಕ್ರಿ ಹೋಗ್ತದ. ನನಗ ಐವತ್ತೆರಡು. ಈ ವಯಸ್ಸಿನ್ಯಾಗ ಯಾರು ತಗೋತಾರ?"

"ಅವನ್ನ ಯಾರ ತಗೋತಾರ?"

ಸೊಪ್ಪಿನ ದಂಟು ಬಲಿತಿದೆ ಎಂದು ಏನೋ ಹೇಳಿ ಎದ್ದೆ.

ವಿಚಾರಣೆಯ ಅಧಿಕಾರಿ ಹೊರಗಿನವರು. ಠಾಣೆ ಊರಿನ ಕೋಪರಿ ಬಡಾವಣೆಯಿಂದ ಬರುವ ಒಬ್ಬ ಮುದುಕ ವಕೀಲರು. ನಲವತ್ತು ವರ್ಷ ಕಾರ್ಮಿಕ ಕೋರ್ಟಿನಲ್ಲಿ ಓಡಾಡಿ ನಿವೃತ್ತರಾದವರು. ಡಬ್ಬಿಯಲ್ಲಿ ಪೋಹೆ ತರುತ್ತಿದ್ದರು, ಎಲ್ಲವನ್ನೂ ಮರಾಠಿಯಲ್ಲಿ ಕೈಬರಹದಲ್ಲೇ ಬರೆದುಕೊಳ್ಳುತ್ತಿದ್ದರು. ಕಾನ್ಫರೆನ್ಸ್ ರೂಮಿನಲ್ಲಿ ನಾವು ನಾಲ್ವರು: ಅವರು, ಮ್ಯಾಡಂ, ಮುಕಾದಮ, ನಾನು.

ಮೊದಲಿಗೇ ಅವರು ಹಿಂದಿಯಲ್ಲಿ ಕೇಳಿದರು: ವಿಚಾರಣೆ ನಿನಗೆ ಯಾವ ಭಾಷೆಯಲ್ಲಿ ಬೇಕು?

"ಕನ್ನಡದಾಗ ಬೇಕ್ರಿ," ಅಂದ ಮುಕಾದಮ. ನನ್ನನ್ನು ತೋರಿಸಿದ. "ಸಾಹೇಬ್ರು ತಿಳಿಸಿ ಹೇಳಲಿ."

ನಾನು ಬೆರಗಾದೆ. ಈ ಮನುಷ್ಯ ದಿನವಿಡೀ ಲಾರಿ ಡ್ರೈವರುಗಳನ್ನು ಹಿಂದಿಯಲ್ಲಿ ಬೈಯುವುದನ್ನು ಕೇಳಿದವನು ನಾನು. ಬಿಹಾರದ ಡ್ರೈವರುಗಳೇ ಅವನಿಂದ ಹೊಸ ಬೈಗುಳ ಕಲಿತು ಹೋಗುತ್ತಿದ್ದರು. ಹೆದರಿಕೊಂಡಿದ್ದಾನೆ, ಹೆದರಿದಾಗ ತಾಯಿನುಡಿಯೇ ಬಾಯಿಗೆ ಬರುತ್ತದೆ ಎಂದುಕೊಂಡೆ. ಕಂಪನಿಯ ಪರ ಕೂತವನೇ ದುಭಾಷಿಯಾಗುವುದು ಸರಿಯಲ್ಲ ಎಂದು ವಕೀಲರು ಗೊಣಗಿದರು. ಆದರೆ ಬೇರೆ ಕನ್ನಡದವನನ್ನು ಕರೆಸಲು ಯಾರಿಗೂ ಪುರುಸೊತ್ತಿರಲಿಲ್ಲ, ಆರೋಪಿಯೇ ಒಪ್ಪಿ ಸಹಿ ಹಾಕಿದ. ಹೀಗೆ ನಾನು ಏಕಕಾಲಕ್ಕೆ ಕಂಪನಿಯ ಪ್ರತಿನಿಧಿ, ಆರೋಪಿಯ ಬಾಯಿ, ಮತ್ತು ನಿಜವಾದ ಅಪರಾಧಿ ಆಗಿ ಕೂತೆ. ಬಯೋಡೇಟಾದಲ್ಲಿ ಹಾಕಬಹುದಾದಂಥ ಅನುಭವ.

ವಕೀಲರು ಕೇಳಿದರು: ಈ ಎರಡು ತಾರೀಖಿನಂದು ತಂದೆ ತೀರಿಕೊಂಡರು ಎಂದು ನೀನು ಅರ್ಜಿ ಹಾಕಿದ್ದೆಯಾ? ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅವನು ಕುರ್ಚಿಯನ್ನು ಪೂರ್ತಿ ನನ್ನ ಕಡೆ ತಿರುಗಿಸಿಕೊಂಡ.

"ಸಾಹೇಬ್ರ, ಮೊದಲನೇ ಸಲ ನಾ ನಿಮ್ಮ ಮುಂದ ನಿಂತು ದೊಡ್ಡಪ್ಪ ಹೋಗ್ಯಾನ ಅಂದೆ. ನೀವು ಅಪ್ಪ ಅಂತ ಒತ್ತಿದ್ರಿ. ಎರಡನೇ ಸಲ ಕಾಕಾ ಅಂದೆ. ಅದಕ್ಕೂ ಅಪ್ಪನ್ನ ಒತ್ತಿದ್ರಿ. ಫೋನ್ ನಂದು, ಒತ್ತಿದ ಬೆರಳು ನಿಮ್ದು. ಮೂರನೇ ಸಲಕ್ಕ ನಮ್ಮಪ್ಪ ಖರೇನ ಸತ್ತ. ಇದಿಷ್ಟು ಅವ್ರಿಗಿ ತಿಳಿಸಿ ಹೇಳ್ರಿ."

ವಕೀಲರು ಪೆನ್ನು ಹಿಡಿದು ಕಾಯುತ್ತಿದ್ದರು. ಮ್ಯಾಡಂ ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದರು.

"ಅವನು ಹೇಳುವುದೇನೆಂದರೆ," ಎಂದು ನಾನು ಹಿಂದಿಯಲ್ಲಿ ಶುರುಮಾಡಿದೆ, "ಅರ್ಜಿ ತುಂಬುವಾಗ ಸಂಬಂಧದ ವಿಷಯದಲ್ಲಿ ಸ್ವಲ್ಪ ಗೊಂದಲ ಆಗಿದೆ."

ಆಗಿದೆ. ನನ್ನ ಇಡೀ ವೃತ್ತಿ ಆ ಒಂದು ಪದದ ನೆರಳಿನಲ್ಲೇ ನಡೆದದ್ದು. ತಪ್ಪು ಆಗಿದೆ, ವಿಳಂಬ ಆಗಿದೆ, ಗೊಂದಲ ಆಗಿದೆ. ಯಾರೂ ಮಾಡಿರುವುದಿಲ್ಲ, ಮಳೆ ಬಂದ ಹಾಗೆ ತಾನಾಗಿ ಆಗಿರುತ್ತದೆ.

ವಕೀಲರು ಕನ್ನಡಕದ ಮೇಲಿಂದ ನೋಡಿದರು. "ಅಷ್ಟು ಹೊತ್ತು ಮಾತಾಡಿದ, ಇಷ್ಟೇನಾ?"

ನಾನು ಬಾಯಿ ತೆರೆಯುವ ಮೊದಲೇ ಮುಕಾದಮ ಮೆಲ್ಲಗೆ ಕೇಳಿದ, "ಇಷ್ಟ ಅಂದ್ನೇನ್ರಿ ನಾ?"

ಸಿಟ್ಟಿನಿಂದ ಕೇಳಿದ್ದರೆ ನಾನೂ ಸಿಟ್ಟಾಗುತ್ತಿದ್ದೆ, ತಪ್ಪಿಸಿಕೊಳ್ಳುತ್ತಿದ್ದೆ. ಅವನು ಲಾರಿಯಲ್ಲಿ ಪೆಟ್ಟಿಗೆ ಕಡಿಮೆ ಬಿದ್ದಿದೆ ಎಂದು ನೆನಪಿಸುವವನ ಹಾಗೆ ಕೇಳಿದ. ನನಗೆ ನಾಚಿಕೆಯಾಯಿತು. ಹೆದರಿಕೆಯೂ ಇತ್ತು, ಅದೇನೂ ಹೋಗಿರಲಿಲ್ಲ. ಆದರೂ ಹೇಳಿದೆ.

"ಒತ್ತಿದವನು ನಾನು. ಅವನು ದೊಡ್ಡಪ್ಪ ಅಂದ, ಕಾಕಾ ಅಂದ. ಆ್ಯಪಿನಲ್ಲಿ ಅವರಿರಲಿಲ್ಲ, ನಾನು ತಂದೆ ಎಂದು ಒತ್ತಿದೆ. ಅವನ ಫೋನಿನಲ್ಲಿ ಒಪ್ಪಿಗೆ ಕೊಟ್ಟವನೂ ನಾನೇ. ಚಾರ್ಜ್‌ಶೀಟ್ ಬರೆದವನೂ ನಾನೇ."

ಮ್ಯಾಡಂ ಲ್ಯಾಪ್‌ಟಾಪ್ ಮುಚ್ಚಿದರು. ವಕೀಲರು ಪೆನ್ನು ಕೆಳಗಿಟ್ಟರು. ನಲವತ್ತು ವರ್ಷದಲ್ಲಿ ದುಭಾಷಿ ತಪ್ಪೊಪ್ಪಿಕೊಂಡದ್ದನ್ನು ಅವರು ನೋಡಿರಲಿಲ್ಲ ಎಂದು ಕಾಣುತ್ತದೆ. ಆಮೇಲೆ ಅವರಿಗೆ ಕಾನೂನು ನೆನಪಾಯಿತು. ನೀವೀಗ ಸಾಕ್ಷಿ, ಸಾಕ್ಷಿ ದುಭಾಷಿ ಆಗುವಂತಿಲ್ಲ, ಆ ಕುರ್ಚಿಯಿಂದ ಎದ್ದು ಈ ಕುರ್ಚಿಗೆ ಬನ್ನಿ ಎಂದರು. ನಾನು ಎದ್ದು ಬಂದು ಕೂತೆ. ಇನ್ನು ಕನ್ನಡದ ದುಭಾಷಿಯನ್ನು ಎಲ್ಲಿಂದ ತರುವುದು, ಇವತ್ತಿನ ವಿಚಾರಣೆ ಮುಂದೂಡಬೇಕಾಗುತ್ತದೆ ಎಂದು ಅವರು ಡೈರಿ ತೆಗೆದರು.

"ದುಭಾಷಿ ಬೇಡ ಸಾಹೇಬ್," ಅಂದ ಮುಕಾದಮ. ಹಿಂದಿಯಲ್ಲಿ. ನನ್ನ ಹಿಂದಿಗಿಂತ ಚೊಕ್ಕ ಹಿಂದಿ. "ಇನ್ನು ಮುಂದೆ ನಾನೇ ಹೇಳುತ್ತೇನೆ, ನಡೆಸಿ."

ಮ್ಯಾಡಂ ಅವನನ್ನು ನೋಡಿದರು, ನನ್ನನ್ನು ನೋಡಿದರು. ಅವರ ಆ್ಯಪಿನಲ್ಲಿ ಇದು ಯಾವ ಖಾನೆಗೆ ಹೋಗುತ್ತದೋ ತಿಳಿಯಲಿಲ್ಲ.

ಒಂದು ತಾಸಿನೊಳಗೆ ಎಲ್ಲ ಮುಗಿಯಿತು. ಆರೋಪ ಬಿದ್ದುಹೋಯಿತು, ಮರುದಿನ ಅವನು ಲೋಡಿಂಗ್‌ಗೆ ಮರಳಿದ, ಲಾರಿಯವರಿಗೆ ಬೈಗುಳ ಮತ್ತೆ ಶುರುವಾಯಿತು. ಆ್ಯಪಿನಲ್ಲಿ 'ಇತರೆ' ಎಂಬ ಐದನೆಯ ಆಯ್ಕೆ ಬಂತು. ದೊಡ್ಡಪ್ಪ, ಕಾಕಾ, ಅತ್ತೆ, ಸೋದರಮಾವ, ಅಜ್ಜ, ಅಜ್ಜಿ ಎಲ್ಲರೂ ಈಗ ಅದರೊಳಗೇ ಸಾಯಬೇಕು. ನನಗೆ ಮೊದಲು ಒಂದು ಮೆಮೋ ಬಂತು. ಮೂರು ತಿಂಗಳ ಮೇಲೆ ನನ್ನ ಹುದ್ದೆಯನ್ನು ಐರೋಳಿಯಲ್ಲಿ ವಿಲೀನ ಮಾಡಿದರು. ಅಂದರೆ ಹುದ್ದೆ ಐರೋಳಿಗೆ, ನಾನು ಮನೆಗೆ. ಮ್ಯಾಡಂ ಕೆಟ್ಟವರಲ್ಲ, ಒಳ್ಳೆಯ ಶಿಫಾರಸು ಪತ್ರ ಬರೆದುಕೊಟ್ಟರು. ಅದರಲ್ಲಿ 'ಪ್ರಾಮಾಣಿಕ' ಎಂಬ ಮಾತಿತ್ತು. ಎಷ್ಟು ಹೊತ್ತು ತಡವಾಗಿ ಎಂಬುದನ್ನು ಬಿಟ್ಟಿದ್ದರು.

ಕೊನೆಯ ದಿನ ಅಂಬರನಾಥ ಸ್ಟೇಷನ್ನಿನಲ್ಲಿ ಅವನು ಸಿಕ್ಕ. ಫಸ್ಟ್ ಶಿಫ್ಟ್ ಮುಗಿಸಿ ಮನೆಗೆ ಹೊರಟಿದ್ದ. ಒಂದೇ ಬೋಗಿಯಲ್ಲಿ ಎದುರುಬದುರು ಕೂತೆವು. ನಾನು ಮೂರು ತಿಂಗಳಿಂದ ಕೇಳಬೇಕೆಂದಿದ್ದುದನ್ನು ಕೇಳಿದೆ: ಅಷ್ಟು ಚೆಂದ ಹಿಂದಿ ಬರುವಾಗ ಅವತ್ತು ಕನ್ನಡ ಯಾಕೆ ಬೇಕು ಅಂದೆ?

"ನಾ ಹಿಂದ್ಯಾಗ ಹೇಳಿದ್ರ ನೀವು ಸಿಕ್ಕಿಬಿದ್ದಂಗ ಆಗ್ತಿತ್ತಲ್ರಿ," ಅಂದ. "ಕನ್ನಡದಾಗ ಹೇಳಿದ್ರ ನಮ್ಮಿಬ್ಬರಿಗೇ ಗೊತ್ತು. ಮುಂದ ಹೇಳೂದು ಬಿಡೂದು ನಿಮಗ ಬಿಟ್ಟೆ. ಹದಿನಾಲ್ಕು ವರ್ಷ ಒಂದ ಗೇಟಿನ್ಯಾಗ ಹೊಕ್ಕೀವಿ."

"ನಾ ಹೇಳದ ಇದ್ದಿದ್ರ?"

"ಮೊದಲ ಹೇಳಲಿಲ್ಲಲ್ರಿ. ಅದಕ್ಕ ಇನ್ನೊಮ್ಮಿ ಕೇಳ್ದೆ. ಎರಡ ಸಲ ಕೇಳ್ತೀನಿ ಅಂತ ಮನ್ಯಾಗ ಹೆಂಡ್ತಿಗಿ ಹೇಳೇ ಬಂದಿದ್ದೆ. ಮೂರನೇ ಸಲಕ್ಕ ಹಿಂದಿ ಇದ್ದೇ ಇತ್ತು. ನೌಕ್ರಿ ಬೇಕಲ್ರಿ."

ಇಬ್ಬರೂ ನಕ್ಕೆವು. ಮುಂದೆ ಏನು ಮಾಡ್ತೀರಿ ಎಂದು ಅವನು ಕೇಳಿದ, ಏನೋ ನೋಡೋಣ ಎಂದೆ. ಹೆಣ್ಣುಮಕ್ಕಳ ಶಾಲೆಯ ಬಗ್ಗೆ, ಕಾರ್ಖಾನೆಗೆ ಬಂದ ಹೊಸ ಮ್ಯಾನೇಜರನ ಬಗ್ಗೆ ಮಾತಾಡಿದೆವು. ವಿಠ್ಠಲವಾಡಿ ಬಂತು, ಅವನು ಕೈಯೆತ್ತಿ ನಮಸ್ಕಾರ ಮಾಡಿ ಇಳಿದು ಹೋದ. ಗಾಡಿ ಕಲ್ಯಾಣದ ಹತ್ತಿರ ಬರುವಾಗ ನನಗೆ ಹೊಳೆಯಿತು: ಅವನ ಅಪ್ಪ ತೀರಿಕೊಂಡದ್ದಕ್ಕೆ ನಾನು ಇವತ್ತಿನವರೆಗೂ ಒಂದು ಸಮಾಧಾನದ ಮಾತು ಹೇಳಿರಲಿಲ್ಲ.